ವಿದ್ಯೆಯ ಮೂರನೆಯ ಪಾಲು

ವಿದ್ಯೆಯನ್ನು ನಾಲ್ಕು ಪಾಲು ಮಾಡಿ, ಒಂದು ಪಾಲು ಆಚಾರ್ಯನಿಂದ, ಒಂದು ಸ್ವಬುದ್ಧಿಯಿಂದ, ಒಂದು ಸಬ್ರಹ್ಮಚಾರಿಗಳಿಂದ, ಉಳಿದೊಂದು ಕಾಲಕ್ರಮದಿಂದ ಬರುವುದೆಂದು ಹಿರಿಯರು ಎಣಿಸಿದರು. ಸಬ್ರಹ್ಮಚಾರಿಗಳೆಂದರೆ ಒಬ್ಬನೇ ಗುರುವಿನಲ್ಲಿ ಕೂಡಿ ಓದುವವರು. ಪಾಠಶಾಲೆಯಲ್ಲಿ ಕಲಿತವರಿಗೆ ಈ ಮೂರನೆಯ ಪಾಲಿನ ಬೆಲೆ ಚೆನ್ನಾಗಿ ಗೊತ್ತು. ಗುರುಗಳು ಪಾಠ ಹೇಳಿ ಎದ್ದುಹೋದ ಮೇಲೆ ಜಗಲಿಯಲ್ಲಿ ಕುಳಿತು, ಒಬ್ಬರನ್ನೊಬ್ಬರು ಕೇಳುತ್ತ, ಕೆಣಕುತ್ತ, ಚಿಂತನೆ ಮಾಡಿದಾಗಲೇ ಗ್ರಂಥದ ಗಂಟು ಬಿಚ್ಚುತ್ತಿದ್ದುದು. ಉದ್ಯೋಗಕ್ಕೆ ಸೇರಿದೊಡನೆ ಮನುಷ್ಯನು ಈ ಪಾಲನ್ನು ಮರೆಯುತ್ತಾನೆ. ಕಚೇರಿಯಲ್ಲಿ ಮಾತು ಮೇಲಿನಿಂದ ಆಜ್ಞೆಯಾಗಿ ಇಳಿಯುತ್ತದೆ, ಕೆಳಗಿನಿಂದ ವರದಿಯಾಗಿ ಏರುತ್ತದೆ. ಪಕ್ಕದಿಂದ ಪಕ್ಕಕ್ಕೆ ಹರಿಯುವುದು ಅಪರೂಪ.

ಒಂದು ಊರಿನ ಪ್ರೌಢಶಾಲೆಯಲ್ಲಿ ಸಂಸ್ಕೃತ ಹೇಳುತ್ತಿದ್ದ ವೃದ್ಧ ಪಂಡಿತರೊಬ್ಬರು ಈ ಮರೆವಿಗೆ ಸಾಕ್ಷಿಯಾಗಿದ್ದರು. ಅವರ ಕಾಲದಲ್ಲಿ ಹೆಡ್‌ಮಾಸ್ಟರರ ಅಪ್ಪಣೆಯು ನೋಟೀಸು ಪುಸ್ತಕದಲ್ಲಿ ಬರುತ್ತಿತ್ತು. ಜವಾನನು ಅದನ್ನು ತರಗತಿಯ ಬಾಗಿಲಿಗೆ ಹಿಡಿದು ಬಂದು ನಿಲ್ಲುವನು. ಓದಿ ರುಜು ಹಾಕಿದರೆ ಮುಗಿಯಿತು. ಪುಸ್ತಕವು ಹೋಗಿ ಎಲ್ಲರ ಫೋನಿನೊಳಗೆ ವಾಟ್ಸ್‌ಆಪ್ ಗುಂಪು ಬಂದಾಗ ಪಂಡಿತರು ಹಿಗ್ಗಿದರು. ಇಲ್ಲಿ ರುಜು ಹಾಕುವುದಷ್ಟೇ ಅಲ್ಲ, ಮಾತಾಡಲೂ ಬಹುದಲ್ಲ!

2018ರ ಮಳೆಗಾಲದ ಒಂದು ಸಂಜೆ, ಹೊಸದಾಗಿ ಬಂದ ಗಣಿತದ ಉಪಾಧ್ಯಾಯಿನಿಯು ಆ ಗುಂಪಿನಲ್ಲಿ ಒಂದು ಪ್ರಶ್ನೆ ಕೇಳಿದಳು. ಋಣಸಂಖ್ಯೆಯನ್ನು ಋಣಸಂಖ್ಯೆಯಿಂದ ಗುಣಿಸಿದರೆ ಧನಸಂಖ್ಯೆ ಬರುವುದೇಕೆಂದು ಎಂಟನೆಯ ತರಗತಿಯ ಹುಡುಗರು ಕೇಳುತ್ತಾರೆ. ಸೂತ್ರ ಹೇಳಿದರೆ ಒಪ್ಪುವುದಿಲ್ಲ. ಹಿರಿಯರು ಹೇಗೆ ತಿಳಿಸುತ್ತೀರಿ? ಹೆಡ್‌ಮಾಸ್ಟರರಿಂದ ಕೂಡಲೇ ಉತ್ತರ ಬಂದಿತು: “ಇದು ಸೂಚನೆಗಳಿಗಾಗಿ ಇರುವ ಗುಂಪು. ಬಿ.ಎಡ್. ಮಾಡಿದವರಿಗೆ ಇಷ್ಟೂ ತಿಳಿಯದೆ?”

ಇಪ್ಪತ್ತೆರಡು ಮಂದಿ ಅದನ್ನು ಓದಿದರು. ಒಬ್ಬರೂ ತುಟಿ ಬಿಚ್ಚಲಿಲ್ಲ. ಅಂದಿನಿಂದ ಆ ಗುಂಪಿನಲ್ಲಿ “ಆಯಿತು ಸಾರ್” ಎಂಬ ಮಾತೂ, ಕೈಮುಗಿದ ಚಿತ್ರವೂ ಹೊರತು ಬೇರೇನೂ ಕಾಣಲಿಲ್ಲ. ನೋಟೀಸು ಪುಸ್ತಕವೇ ವೇಷ ಮರೆಸಿ ಹಿಂದಿರುಗಿತ್ತು.

ಸಾಮಾಜಿಕ ಜಾಲಗಳ ರೀತಿಯನ್ನು ಕಚೇರಿಗೆ ತಂದರೆ ಕಚೇರಿಯ ಮಾತು ಸುಧಾರಿಸುವುದೆಂದು ಲೋಕವೆಲ್ಲ ನಂಬಿದ ಕಾಲವೊಂದುಂಟು. ಫೇಸ್‌ಬುಕ್ ಸಂಸ್ಥೆಯವರು ಕಚೇರಿಗಳಿಗೆಂದೇ 2016ರಲ್ಲಿ ‘ವರ್ಕ್‌ಪ್ಲೇಸ್’ ಎಂಬುದನ್ನು ಹೊರತಂದರು. 2024ರಲ್ಲಿ ಅದನ್ನು ಮುಚ್ಚುವುದಾಗಿ ತಾವೇ ಸಾರಿದರು. ಕಾಲುವೆ ತೋಡಿದ ಮಾತ್ರಕ್ಕೆ ನೀರು ಬರುವುದಿಲ್ಲ. ನೀರು ಎಲ್ಲಿಂದ ಬರುವುದೆಂಬುದನ್ನು ಅದಕ್ಕೂ ಮೊದಲೇ ಅಮೆರಿಕದಲ್ಲಿ ಒಬ್ಬರು ಹುಡುಕಿ ನೋಡಿದ್ದರು.

ಆತನ ಹೆಸರು ಜೂಲಿಯನ್ ಆರ್, ಮಾನವಶಾಸ್ತ್ರಜ್ಞ. ಜೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿದ್ದುಕೊಂಡು, 1980ರ ದಶಕದಲ್ಲಿ, ನಕಲು ಯಂತ್ರಗಳನ್ನು ದುರಸ್ತಿ ಮಾಡುವವರ ಬೆನ್ನು ಹಿಡಿದು ತಿರುಗಿದ. ಯಂತ್ರ ಕೆಟ್ಟರೆ ಏನು ಮಾಡಬೇಕೆಂದು ಹೇಳುವ ಕೈಪಿಡಿಗಳನ್ನು ಕಂಪನಿಯವರು ಅಚ್ಚು ಹಾಕಿಸಿ ಕೊಟ್ಟಿದ್ದರು. ಆದರೆ ಯಂತ್ರಗಳು ಕೈಪಿಡಿಯನ್ನು ಓದಿ ಕೆಡುವುದಿಲ್ಲವಷ್ಟೆ! ಕೆಲಸಗಾರರ ನಿಜವಾದ ವಿದ್ಯೆಯು ಅವರು ಒಟ್ಟಿಗೆ ತಿಂಡಿ ತಿನ್ನುವಾಗ, ಕಾಫಿ ಕುಡಿಯುವಾಗ, ಹೇಳಿಕೊಳ್ಳುವ ಕಥೆಗಳಲ್ಲಿತ್ತು. “ಆ ಯಂತ್ರ ಹೀಗೆ ಕಾಡಿತು, ನಾನು ಹೀಗೆ ಹಿಡಿದೆ” ಎಂದೊಬ್ಬನು, “ನನಗೂ ಅಂಥದೊಂದು ಸಿಕ್ಕಿತ್ತು” ಎಂದು ಮತ್ತೊಬ್ಬನು. ಲೆಕ್ಕ ನೋಡುವವರ ಕಣ್ಣಿಗೆ ಕಾಲಹರಣವಾಗಿ ಕಂಡುದೇ ಅವರ ಪಾಠಶಾಲೆಯಾಗಿತ್ತು. ಇದನ್ನು ಆತನು 1996ರಲ್ಲಿ ಗ್ರಂಥವಾಗಿ ಪ್ರಕಟಿಸಿದ.

ಅದೇ ದಶಕದಲ್ಲಿ ಆ ಕಂಪನಿಯಲ್ಲಿ ‘ಯುರೇಕಾ’ ಎಂಬ ಏರ್ಪಾಡು ಹುಟ್ಟಿತು. ಫ್ರಾನ್ಸಿನಲ್ಲಿ ಆರಂಭವಾಗಿ ಬಳಿಕ ಬೇರೆ ದೇಶಗಳಿಗೂ ಹಬ್ಬಿತು. ಕೆಲಸಗಾರನು ತಾನು ಕಂಡ ಉಪಾಯವನ್ನು ಬರೆದು ಕಳುಹಿಸುವನು. ಅದೇ ಕಸುಬಿನ ಅನುಭವಸ್ಥರು ಪರೀಕ್ಷಿಸಿ ಒಪ್ಪುವರು. ಒಪ್ಪಿದುದು ಬರೆದವನ ಹೆಸರಿನೊಡನೆ ಎಲ್ಲರಿಗೂ ದೊರೆಯುವುದು. ಉಪಾಯಕ್ಕೆ ಹಣ ಕೊಡೋಣವೆಂಬ ಸಲಹೆಯೂ ಬಂದಿತ್ತು. ಕೆಲಸಗಾರರು ಹಣ ಬೇಡವೆಂದರು, ಹೆಸರು ಸಾಕೆಂದರು. ಸಮಾನರು ಮೆಚ್ಚಿ ತಲೆದೂಗುವುದಕ್ಕಿಂತ ದೊಡ್ಡ ಸಂಭಾವನೆ ವಿದ್ಯಾವಂತನಿಗೆ ಯಾವುದು?

ಪಂಡಿತರು ಈ ವೃತ್ತಾಂತವನ್ನು ಓದಿದುದು ಆ ಮಳೆಗಾಲದ ಕೊನೆಯಲ್ಲಿ. ಓದಿದ ರಾತ್ರಿ ಅವರಿಗೆ ನಿದ್ರೆ ಬರಲಿಲ್ಲ. ಹೆಡ್‌ಮಾಸ್ಟರರ ಕಟುನುಡಿಯನ್ನು ಅವರು ಬಹು ಸಲ ಹಳಿದಿದ್ದರು. ತಮ್ಮ ಮೌನವನ್ನು ಒಮ್ಮೆಯೂ ಹಳಿದುಕೊಂಡಿರಲಿಲ್ಲ. ಆ ಹುಡುಗಿಯ ಪ್ರಶ್ನೆಗೆ ಅವರಲ್ಲಿಯೂ ಒಂದು ಉತ್ತರವಿತ್ತಲ್ಲವೆ? ಎರಡು ನಿಷೇಧಗಳು ಕೂಡಿದರೆ ಮೂಲದ ಅರ್ಥವೇ ನಿಲ್ಲುವುದೆಂಬುದು ವ್ಯಾಕರಣದಲ್ಲಿ ಪ್ರಸಿದ್ಧ. “ಬಾರದೆ ಇರಲಿಲ್ಲ” ಎಂದರೆ ಬಂದನೆಂದೇ ಅರ್ಥ. ಗಣಿತ ತಮ್ಮ ವಿಷಯವಲ್ಲವೆಂದು ಸುಮ್ಮನಿದ್ದರು. ಅದಕ್ಕಿಂತ ನಿಜವಾಗಿ, ಹೆಡ್‌ಮಾಸ್ಟರರ ಮುಂದೆ ಏಕೆ ಬೇಕೆಂದು ಸುಮ್ಮನಿದ್ದರು.

ಮರುದಿನ ಊಟದ ಬಿಡುವಿನಲ್ಲಿ ಅವರು ಹಿರಿಯ ಗಣಿತದ ಮೇಷ್ಟ್ರನ್ನೂ ಆಕೆಯನ್ನೂ ಒಂದು ಮೇಜಿಗೆ ಕೂರಿಸಿದರು. “ತಾಯಿ, ಅಂದು ಕೇಳಿದ ಪ್ರಶ್ನೆಯನ್ನು ಇನ್ನೊಮ್ಮೆ ಕೇಳು. ಅಂದು ಬಾಯಿ ಮುಚ್ಚಿಕೊಂಡಿದ್ದ ತಪ್ಪು ನಮ್ಮದು” ಎಂದರು. ಮೇಷ್ಟ್ರು ನಕ್ಕು ಹೇಳಿದರು: “ಐದೈದು ರೂಪಾಯಿನ ಮೂರು ಸಾಲಗಳಿವೆ ಎನ್ನಮ್ಮ. ಸಾಲ ಕೊಟ್ಟವನು ಬಂದು ಮೂರನ್ನೂ ಹೊಡೆದುಹಾಕಿದ. ನಿನಗೆ ಲಾಭವೋ ನಷ್ಟವೋ? ಹದಿನೈದು ರೂಪಾಯಿ ಲಾಭ. ಸಾಲ ಋಣ, ಹೊಡೆದುಹಾಕಿದ್ದೂ ಋಣ. ಹಳ್ಳಿಯ ಮಕ್ಕಳಿಗೆ ಸಾಲವೆಂದರೆ ಚೆನ್ನಾಗಿ ಗೊತ್ತು.” ಮೂವತ್ತು ವರ್ಷ ಹೀಗೆ ಪಾಠ ಹೇಳಿದ ಆ ಮೇಷ್ಟ್ರಿಗೆ ಡಿಸೆಂಬರ್ ತಿಂಗಳಲ್ಲಿ ನಿವೃತ್ತಿಯಾಗುವುದಿತ್ತು. ಅವರೊಡನೆ ಎಷ್ಟು ಉಪಾಯಗಳು ಗೇಟು ದಾಟಿ ಹೋಗುತ್ತಿದ್ದವೋ!

ಅಂದು ಪಂಡಿತರು ನೂರು ಪುಟದ ಒಂದು ನೋಟುಪುಸ್ತಕವನ್ನು ಉಪಾಧ್ಯಾಯರ ಕೊಠಡಿಯಲ್ಲಿ ನೀರಿನ ಹೂಜಿಯ ಪಕ್ಕದಲ್ಲಿಟ್ಟರು. ಎಡಪುಟದಲ್ಲಿ ಪ್ರಶ್ನೆ, ಬಲಪುಟದಲ್ಲಿ ಉತ್ತರ, ಎರಡರ ಕೆಳಗೂ ಹೆಸರು. ಮೊದಲ ಬಲಪುಟದಲ್ಲಿ ಹಿರಿಯ ಮೇಷ್ಟ್ರ ಸಾಲದ ಲೆಕ್ಕ. ಅದರ ಕೆಳಗೆ ಪಂಡಿತರ ಎರಡು ನಿಷೇಧಗಳು. ಡಿಸೆಂಬರ್ ಬರುವಷ್ಟರಲ್ಲಿ ನಲವತ್ತು ಪುಟ ತುಂಬಿತು. ಡ್ರಿಲ್ ಮೇಷ್ಟ್ರು ಕೂಡ ಮೂರು ಕಡೆ ಬರೆದಿದ್ದರು.

ಜನವರಿಯ ಒಂದು ಬೆಳಿಗ್ಗೆ ಎಡಪುಟವೊಂದರಲ್ಲಿ ಹೊಸ ಅಕ್ಷರ ಕಂಡಿತು: ಹತ್ತನೆಯ ತರಗತಿಯ ಹುಡುಗನೊಬ್ಬ ಶಾಲೆ ಬಿಟ್ಟು ಗಾರೆಕೆಲಸಕ್ಕೆ ಹೋಗುತ್ತಿದ್ದಾನೆ, ಎರಡು ಸಲ ಹೇಳಿಕಳುಹಿಸಿದರೂ ಬರಲಿಲ್ಲ, ಏನು ಮಾಡಬೇಕೋ ತಿಳಿಯದು. ಕೆಳಗೆ ಹೆಡ್‌ಮಾಸ್ಟರರ ಹೆಸರು. ಕೊಠಡಿಯಲ್ಲಿದ್ದವರು ಒಬ್ಬರ ಮುಖವನ್ನೊಬ್ಬರು ನೋಡಿದರು. ಬಲಪುಟದಲ್ಲಿ ಮೊದಲು ಬರೆದವಳು ಆ ಉಪಾಧ್ಯಾಯಿನಿಯೇ: “ಅವನ ಅಕ್ಕ ನನ್ನ ತರಗತಿಯಲ್ಲಿದ್ದಾಳೆ, ಸಾರ್. ಮನೆ ಗೊತ್ತು. ಸಂಜೆ ಒಟ್ಟಿಗೆ ಹೋಗಿ ಬರೋಣ.”

ತನಗೆ ತಿಳಿಯದೆಂದು ಸಮಾನರ ಮುಂದೆ ಹೇಳುವ ಧೈರ್ಯ, ಹೇಳಿದವನನ್ನು ಹಂಗಿಸದ ಸೌಜನ್ಯ, ಕೊಟ್ಟವನ ಹೆಸರನ್ನು ಮರೆಯದ ಕೃತಜ್ಞತೆ: ಈ ಮೂರಿದ್ದಲ್ಲಿ ನೋಟುಪುಸ್ತಕವೂ ಸಾಕು, ಫೋನೂ ಆದೀತು. ಇವಿಲ್ಲದಲ್ಲಿ ಯಾವ ಜಾಲವೂ ಬರಿಯ ಬಲೆಯೇ. ವಿದ್ಯೆಯ ಮೂರನೆಯ ಪಾಲು ಕೇಳಿದವರಿಗೆ ಮಾತ್ರ ಸಲ್ಲುತ್ತದೆ.