ಕಣ್ಣು ಕಿವಿಗಳ ನಂಟು

ಅರವತ್ತಕ್ಕೆ ಅರಳುಮರಳೆಂಬ ಗಾದೆಯು ನಮ್ಮಲ್ಲಿ ಮನೆಮಾತಾಗಿದೆ. ಆ ವಯಸ್ಸಿನ ಹೊಸ್ತಿಲಲ್ಲಿ ನಿಂತಿರುವ ನನಗೆ ಈ ಮಾತನ್ನು ಸ್ವಲ್ಪ ವಿಚಾರಿಸಿ ನೋಡಬೇಕೆಂಬ ಅಪೇಕ್ಷೆಯುಂಟಾದುದು ಸಹಜವೇ ಸರಿ. ವೃದ್ಧರಲ್ಲಿ ಬುದ್ಧಿಯ ದೋಷವೆಂದು ನಾವು ಎಣಿಸುವುದರಲ್ಲಿ ಎಷ್ಟೋ ಭಾಗವು ಇಂದ್ರಿಯಗಳ ದೋಷವಾಗಿರುತ್ತದೆ. ಮನೆಯೊಡೆಯನು ಒಳಗೆ ಎಚ್ಚರವಾಗಿಯೇ ಇರುತ್ತಾನೆ, ಬಾಗಿಲುಗಳು ಬಿಗಿದುಕೊಂಡಿರುತ್ತವೆ. ಆದಕಾರಣ ಗೃಹಸ್ಥರಾದವರು ಆ ಬಾಗಿಲುಗಳ ರಚನೆಯನ್ನು ಕೊಂಚವಾದರೂ ತಿಳಿದಿರತಕ್ಕದ್ದು.

ಕಣ್ಣುಗುಡ್ಡೆಯು ಸುಮಾರು ೨೪ ಮಿಲಿಮೀಟರು ವ್ಯಾಸವುಳ್ಳ ಗೋಲ. ಅದರ ಮುಂಭಾಗದಲ್ಲಿ ಗಡಿಯಾರದ ಗಾಜಿನಂತೆ ಪಾರದರ್ಶಕವಾದ ಪಟಲವೊಂದುಂಟು. ಬೆಳಕಿನ ಕಿರಣಗಳನ್ನು ಬಾಗಿಸುವ ಕೆಲಸದಲ್ಲಿ ಮೂರರಲ್ಲಿ ಎರಡು ಪಾಲು ಇದರದೇ. ಉಳಿದುದನ್ನು ಪಾಪೆಯ ಹಿಂದಿರುವ ಮಸೂರವು ನೆರವೇರಿಸುವುದು. ಹತ್ತಿರದ ವಸ್ತುವನ್ನು ನೋಡುವಾಗ ಈ ಮಸೂರವು ಉಬ್ಬುತ್ತದೆ. ದೂರದ್ದನ್ನು ನೋಡುವಾಗ ಚಪ್ಪಟೆಯಾಗುತ್ತದೆ. ಹೀಗೆ ಕೂಡಿದ ಕಿರಣಗಳು ಹಿಂಬದಿಯ ಅಕ್ಷಿಪಟದ ಮೇಲೆ ತಲೆಕೆಳಗಾದ ಬಿಂಬವನ್ನು ಮೂಡಿಸುವುವೆಂದು ಕೆಪ್ಲರನು ೧೬೦೪ರಲ್ಲಿಯೇ ವಿವರಿಸಿದನು. ಅಲ್ಲಿಂದ ಹೊರಡುವ ಹತ್ತು ಲಕ್ಷಕ್ಕೆ ಕಡಮೆಯಿಲ್ಲದ ನರತಂತುಗಳು ಆ ವಾರ್ತೆಯನ್ನು ಮಿದುಳಿಗೆ ಮುಟ್ಟಿಸುತ್ತವೆ.

ನಲವತ್ತು ದಾಟುತ್ತಲೇ ಮಸೂರವು ಗಡುಸಾಗಿ, ಬೇಕಾದಷ್ಟು ಉಬ್ಬಲಾರದು. ಪಂಚಾಂಗವನ್ನು ತೋಳುದ್ದ ಹಿಡಿದು ಓದುವ ಕಾಲವಿದು. ಹಿಂದೂಸ್ತಾನಿಯಲ್ಲಿ ನಲವತ್ತೆಂಬ ಅರ್ಥವುಳ್ಳ ಚಾಳೀಸು ಎಂಬ ಶಬ್ದವೇ ನಮ್ಮಲ್ಲಿ ಕನ್ನಡಕಕ್ಕೆ ಹೆಸರಾಯಿತು. ಮುಂದೆ ಅದೇ ಮಸೂರವು ಮಂಜಾದರೆ ಪೊರೆ ಬಂದಿತೆನ್ನುವೆವು. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಇದಕ್ಕೆ ಶಲಾಕೆಯ ಚಿಕಿತ್ಸೆಯು ಹೇಳಲ್ಪಟ್ಟಿದೆ. ಈಗಲಾದರೋ ಮಂಜಾದ ಮಸೂರವನ್ನು ತೆಗೆದು ಕೃತಕ ಮಸೂರವನ್ನಿರಿಸುವರು. ೧೯೪೯ರಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲಿಯೆಂಬ ವೈದ್ಯರು ಈ ಮಾರ್ಗವನ್ನು ತೋರಿಸಿದರು. ಪೊರೆಯು ಪೂರ್ತಿ ಬಲಿಯಲೆಂದು ಕಾಯುವ ಹಳೆಯ ಪದ್ಧತಿಯು ಈಗ ಅವಶ್ಯವಿಲ್ಲ.

ಪೊರೆಗಿಂತಲೂ ಭಯಂಕರವಾದುದು ಗ್ಲಾಕೋಮಾ ಎಂಬ ವ್ಯಾಧಿ. ಸಾಮಾನ್ಯವಾಗಿ ಕಣ್ಣಿನೊಳಗಿನ ಒತ್ತಡವು ಹೆಚ್ಚಿ, ನೋವಿಲ್ಲದೆ, ದೃಷ್ಟಿಯ ಅಂಚುಗಳು ಸವೆಯುತ್ತ ಬರುತ್ತವೆ. ಕಳೆದುಹೋದುದು ಮತ್ತೆ ಬಾರದು. ಉಳಿದುದನ್ನು ಔಷಧದಿಂದ ಕಾಯಬಹುದು. ಸಿಹಿಮೂತ್ರರೋಗವುಳ್ಳವರಿಗೆ ಅಕ್ಷಿಪಟದ ರಕ್ತನಾಳಗಳೇ ಕೆಡುವುದುಂಟು. ಅಂಥವರು ವರ್ಷಕ್ಕೊಮ್ಮೆ ಕಣ್ಣನ್ನು ಪರೀಕ್ಷಿಸಿಕೊಳ್ಳಬೇಕು.

ಇನ್ನು ಕಿವಿಯ ವಿಚಾರ. ಎರಡೂವರೆ ಸೆಂಟಿಮೀಟರಿನ ನಾಲೆಯೊಂದರ ಕೊನೆಯಲ್ಲಿ ಕಿವಿದಮಟೆಯು ಬಿಗಿದಿದೆ. ಶಬ್ದವು ತಾಕಿದಾಗ ಅದು ಅದುರಿ, ಒಳಗಿನ ಸುತ್ತಿಗೆ, ಅಡಿಗಲ್ಲು, ರಿಕಾಪುಗಳ ಆಕಾರದ ಮೂರು ಎಲುಬುಗಳನ್ನು ಅಲುಗಿಸುತ್ತದೆ. ರಿಕಾಪಿನಂಥದೇ ನಮ್ಮ ದೇಹದ ಎಲುಬುಗಳಲ್ಲೆಲ್ಲ ಚಿಕ್ಕದು. ಅದರಾಚೆ ಬಸವನಹುಳುವಿನ ಚಿಪ್ಪಿನಂತೆ ಎರಡೂವರೆ ಸುತ್ತು ಸುತ್ತಿದ, ದ್ರವ ತುಂಬಿದ ಕೊಳವೆಯಿದೆ. ಅದರಲ್ಲಿ ಸಾಲಾಗಿ ಸೂಕ್ಷ್ಮವಾದ ರೋಮಕಣಗಳಿವೆ; ಬುಡದವು ತಾರಸ್ವರಕ್ಕೆ, ತುದಿಯವು ಮಂದ್ರಕ್ಕೆ ಮಿಡಿಯುತ್ತವೆ. ಕೊಳವೆಯೊಳಗಿನ ಈ ಅಲೆಗಳ ಚಲನೆಯನ್ನು ಕಂಡುಹಿಡಿದ ಬೆಕೆಸಿಗೆ ೧೯೬೧ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಮನುಷ್ಯರಲ್ಲಿ ನಷ್ಟವಾದ ರೋಮಕಣವು ಮತ್ತೆ ಹುಟ್ಟಲಾರದು.

ಗುಗ್ಗೆ ಗಟ್ಟಿಯಾಗಿ ಕಿವಿ ಮುಚ್ಚಿದರೆ ವೈದ್ಯರು ಸುಲಭವಾಗಿ ತೆಗೆಯುವರು. ಕಡ್ಡಿ, ಹೇರ್‌ಪಿನ್ನುಗಳಿಂದ ಕೆದಕುವುದು ದಮಟೆಗೆ ಅಪಾಯ. ಮಕ್ಕಳ ಕಿವಿ ಸೋರುತ್ತಿರುವಾಗ ಎಣ್ಣೆ ಹೊಯ್ಯುವುದೂ ತಪ್ಪು. ವೃದ್ಧಾಪ್ಯದ ಮಂದತೆಯೋ ಬೇರೆ ಬಗೆಯದು. ಅದರಲ್ಲಿ ಮೊದಲು ಸವೆಯುವುವು ತಾರಸ್ವರದ ರೋಮಕಣಗಳು. ನಮ್ಮ ವೈಯಾಕರಣರು ಕ, ಚ, ಟ, ತ, ಪ, ಶ, ಷ, ಸ ಮೊದಲಾದವನ್ನು ಅಘೋಷಗಳೆಂದು ವಿಂಗಡಿಸಿದ್ದಾರಷ್ಟೆ. ಇವುಗಳ ಧ್ವನಿಯು ಕ್ಷೀಣವಾದುದು, ಹೆಚ್ಚಾಗಿ ತಾರದಲ್ಲಿರುವುದು; ಸ್ವರಗಳೋ ಬಲವಾದುವು, ಮಂದ್ರವಾದುವು. ಆದುದರಿಂದ ಮುದುಕರಿಗೆ ಮಾತು ಕೇಳಿಸುತ್ತದೆ, ತಿಳಿಯುವುದಿಲ್ಲ. ನಾವು ಅರಚಿದರೆ ಸ್ವರವು ದೊಡ್ಡದಾಗುವುದೇ ಹೊರತು ವ್ಯಂಜನವು ಸ್ಪಷ್ಟವಾಗುವುದಿಲ್ಲ.

ನನ್ನ ಅಕ್ಕನಿಗೆ ಎಪ್ಪತ್ತನಾಲ್ಕು ವರ್ಷ. ಸೊಸೆಯು ಅಕ್ಕಿ ಎಲ್ಲಿದೆಯೆಂದರೆ, ದೇವರ ಗೂಡಿನಲ್ಲಿ ಹತ್ತಿ ಇದೆಯೆಂದು ಉತ್ತರ ಕೊಡುತ್ತಿದ್ದಳು. ಮೊಮ್ಮಕ್ಕಳು ನಗುವರು, ಅವಳು ಕ್ರಮೇಣ ಮಾತನ್ನೇ ಬಿಟ್ಟಳು. ಜಗಲಿಯ ಬೆಳಕಿನಲ್ಲಿ ಎದುರಿಗೆ ಕುಳಿತರೆ ಮಾತ್ರ ನನ್ನೊಡನೆ ತವರುಮನೆಯ ಕಥೆಗಳನ್ನು ತಪ್ಪಿಲ್ಲದೆ ಹೇಳುತ್ತಿದ್ದಳು. ಬರಬರುತ್ತ ಅದೂ ತಪ್ಪತೊಡಗಿತು. ಅರಳುಮರಳೆಂದು ಮನೆಯವರು ನಿಶ್ಚಯಿಸಿ, ಐವತ್ತು ವರ್ಷ ಅವಳ ಸೊಂಟದಲ್ಲಿದ್ದ ಬೀಗದಕೈಗೊಂಚಲನ್ನು ತೆಗೆದುಕೊಂಡರು. ಅವಳು ಏನೂ ಅನ್ನಲಿಲ್ಲ. ಬರಿದಾದ ಸೊಂಟವನ್ನು ಮಾತ್ರ ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದಳು.

ಕಣ್ಣಿನ ವೈದ್ಯರಿಗೆ ತೋರಿಸಿದಾಗ ಎರಡು ಕಣ್ಣುಗಳಲ್ಲಿಯೂ ಪೊರೆಯಿದ್ದುದು ತಿಳಿದುಬಂದಿತು. ಒಂದು ಕಣ್ಣಿನ ಶಸ್ತ್ರಚಿಕಿತ್ಸೆಯಾದ ಕೆಲವು ದಿನಗಳಲ್ಲಿಯೇ, “ಈಗ ನೀನು ಹೇಳುವುದು ಕೇಳಿಸುತ್ತದೆ ಕಣೋ” ಎಂದಳು. ಮನೆಯವರಿಗೆ ಆಶ್ಚರ್ಯ. ಸರ್ಪಕ್ಕೆ ಸಂಸ್ಕೃತದಲ್ಲಿ ಚಕ್ಷುಃಶ್ರವಸ್ಸು, ಎಂದರೆ ಕಣ್ಣಿನಿಂದ ಕೇಳುವುದು, ಎಂಬ ಹೆಸರುಂಟು. ಸರ್ಪದ ಮಾತು ಹೇಗಾದರೂ ಇರಲಿ, ಕಿವಿ ಮಂದವಾದ ಮನುಷ್ಯನಿಗೆ ಇದು ಒಪ್ಪುತ್ತದೆ. ಅವಳು ಎಷ್ಟೋ ವರ್ಷಗಳಿಂದ ತಾನರಿಯದೆಯೇ ನಮ್ಮ ತುಟಿಗಳನ್ನು ನೋಡಿ ಅಘೋಷಗಳನ್ನು ತುಂಬಿಕೊಳ್ಳುತ್ತಿದ್ದಳು. ಪೊರೆಯು ಆ ಆಸರೆಯನ್ನೂ ಕಿತ್ತುಕೊಂಡಿತ್ತು. ಬಳಿಕ ಮೈಸೂರಿನಲ್ಲಿ, ೧೯೬೫ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ, ಪರೀಕ್ಷೆ ಮಾಡಿಸಿ ಕಿವಿಯ ಯಂತ್ರವನ್ನು ಕೊಡಿಸಿದೆವು. ಮದುವೆಮನೆಯ ಗದ್ದಲದಲ್ಲಿ ಅದನ್ನು ತೆಗೆದಿಡುತ್ತಾಳೆ, ಮನೆಯಲ್ಲಿ ಮಾತನಾಡುತ್ತಾಳೆ. ಬೀಗದಕೈಗಳು ಮಾತ್ರ ಇನ್ನೂ ಅವಳ ಸೊಂಟಕ್ಕೆ ಮರಳಿಲ್ಲ.

ನಿಜವಾದ ಮರೆವಿನ ರೋಗವೂ ಇಲ್ಲದಿಲ್ಲ. ಮಂದಶ್ರವಣವು ಅದಕ್ಕೆ ಎಡೆಗೊಡುವ ಕಾರಣಗಳಲ್ಲೊಂದೆಂದು ಲ್ಯಾನ್ಸೆಟ್ ಪತ್ರಿಕೆಯ ವಿದ್ವನ್ಮಂಡಲಿಯು ೨೦೧೭ರಲ್ಲಿ ತಿಳಿಸಿದೆ. ಇದು ಕಿವಿಯನ್ನು ಉಪೇಕ್ಷಿಸದಿರಲು ಇನ್ನೊಂದು ಕಾರಣ. ಕನ್ನಡಕವು ವಿದ್ಯೆಯ ಲಕ್ಷಣ, ಕಿವಿಯ ಯಂತ್ರವು ನಾಚಿಕೆಯ ವಸ್ತು ಎಂಬ ಭೇದಕ್ಕೆ ಯಾವ ಆಧಾರವೂ ಕಾಣದು.

ಮನೆಯ ಹಿರಿಯರೊಡನೆ ಮಾತನಾಡುವಾಗ ಮೊದಲು ಅವರನ್ನು ಕರೆದು, ಎದುರಿಗೆ ನಿಂತು, ಮುಖದ ಮೇಲೆ ಬೆಳಕು ಬೀಳುವಂತೆ ನೋಡಿಕೊಂಡು, ಕೂಗದೆ ನಿಧಾನವಾಗಿ ನುಡಿಯಿರಿ. ತಿಳಿಯದಿದ್ದರೆ ಅದೇ ಮಾತನ್ನು ಬೇರೆ ಶಬ್ದಗಳಲ್ಲಿ ಹೇಳಿರಿ. ಅರಳುಮರಳೆಂಬ ತೀರ್ಪನ್ನು ಕೊಡುವುದಕ್ಕೆ ಮುಂಚೆ ಅವರ ಕಣ್ಣನ್ನೂ ಕಿವಿಯನ್ನೂ ವೈದ್ಯರಿಗೆ ತೋರಿಸಿರಿ. ಅಲ್ಲಿಯವರೆಗೆ ಬೀಗದಕೈಗಳು ಅವರಲ್ಲಿಯೇ ಇರಲಿ.