ಎಂಟು ಬೋಲ್ಟು

ನಿನ್ನೆ ಟೂಲ್ ಡಬ್ಬಿ ತೆಗೆದಾಗ ಹಳೇ ಬೋಲ್ಟೊಂದು ಸಿಕ್ತು. ಅದರ ಕತೆ ಬರೆದಿಡ್ತೀನಿ.

ಬೆಂಗಳೂರಿನ ಒಂದು ವಿಮಾನ ರಿಪೇರಿ ಶೆಡ್ಡಿನಲ್ಲಿ ಹೆಲ್ಪರ್ ಆಗಿದ್ದೆ. ಪಾರ್ಟ್ಸ್ ತೊಳೆಯೋದು ನನ್ನ ಕೆಲಸ. ಓವರ್‌ಹಾಲ್‌ಗೆ ಅಂತ ಒಂದು ಸಣ್ಣ ಸೆಸ್ನಾ ವಿಮಾನದ ಎಂಜಿನ್ ಪೂರ್ತಿ ಬಿಚ್ಚಿದ್ರು. ಲೈಕಮಿಂಗ್ ಓ-320, ನಾಲ್ಕು ಸಿಲಿಂಡರು, 150 ಹಾರ್ಸ್‌ಪವರ್. "ಹೇಗೂ ಬಿಚ್ಚಿದೀರಿ, 160 ಮಾಡಿಬಿಡಿ" ಅಂದ್ರು ಮಾಲೀಕರು. ಕಳ್ಳ ಕೆಲಸವೇನಲ್ಲ, ಮಂಜೂರಾತಿ ಇರೋ ಬದಲಾವಣೆಯೇ. ಪಿಸ್ಟನ್ ಬದಲಾಯಿಸಿದರೆ ಕಂಪ್ರೆಷನ್ 7ರಿಂದ 8.5ಕ್ಕೆ ಏರುತ್ತೆ. ಅದೇ ಗಾಳಿ, ಅದೇ ಪೆಟ್ರೋಲು ಇನ್ನೂ ಬಿಗಿಯಾಗಿ ಒತ್ತಿಕೊಂಡು ಉರಿಯುತ್ತೆ.

ಹೊಸ ಪಿಸ್ಟನ್ ಬಂದ ದಿನ ಎಲ್ಲರೂ ಫೋಟೋ ತಗೊಂಡ್ರು. ನನ್ನ ಟ್ರೇಯಲ್ಲಿ ಕನೆಕ್ಟಿಂಗ್ ರಾಡಿನ ಹಳೇ ಬೋಲ್ಟುಗಳಿದ್ವು. ರಾಡಿಗೆ ಎರಡರಂತೆ ಎಂಟು. ತೊಳೆದ ಮೇಲೆ ಹೊಸದರ ಥರ ಹೊಳೀತಿದ್ವು. "ಚೆನ್ನಾಗೇ ಇವೆ, ಇವನ್ನೇ ಹಾಕೋಣ" ಅಂದ್ರು ಸೀನಿಯರ್ ಮೆಕ್ಯಾನಿಕ್.

ನಾನು ಊಟದ ಹೊತ್ತಲ್ಲಿ ಮ್ಯಾನ್ಯುಯಲ್ ಓದ್ತಿದ್ದೆ. ಓವರ್‌ಹಾಲ್ ಮಾಡಿದಾಗಲೆಲ್ಲ ಈ ಬೋಲ್ಟು, ನಟ್ಟು ಹೊಸದೇ ಹಾಕಬೇಕು ಅಂತ ಎಂಜಿನ್ ಮಾಡಿದವರೇ ಹೇಳ್ತಾರೆ. ಟೇಕಾಫ್‌ನಲ್ಲಿ ಎಂಜಿನ್ ನಿಮಿಷಕ್ಕೆ 2700 ಸುತ್ತು, ಅಂದ್ರೆ ಸೆಕೆಂಡಿಗೆ 45. ಪಿಸ್ಟನ್ ಪ್ರತಿ ಸುತ್ತಿಗೂ ಒಮ್ಮೆ ಹೋಗಿ ಬರುತ್ತೆ. ಆ ಜಗ್ಗಾಟ ತಡೆಯೋದು ಈ ಬೋಲ್ಟುಗಳು. ಲೋಹದ ದಣಿವು ಕಣ್ಣಿಗೆ ಕಾಣಲ್ಲ. ಬೋಲ್ಟು ತುಂಡಾದರೆ ರಾಡು ಎಂಜಿನ್ ಗೋಡೆಯನ್ನೇ ಒಡೆದುಕೊಂಡು ಹೊರಗೆ ಬರಬಹುದು. ಆ ವಿಮಾನಕ್ಕಿರೋದು ಒಂದೇ ಎಂಜಿನ್.

ಹೇಳ್ದೆ. "ತೊಳೆಯೋನು ತೊಳಿ. ನಿಂಗೆ ಓದು ಅಂತ ಯಾರು ಹೇಳಿದ್ರು?" ಅಂದ್ರು. ಒಂದಿಬ್ಬರು ನಕ್ಕರು. ಆ ನಗು ನನಗೆ ಹೊಸದಲ್ಲ, ಊರಿನ ಸ್ಕೂಲಿಂದಲೇ ಪರಿಚಯ.

ಸಂಜೆ ಸಹಿ ಹಾಕೋ ಇಂಜಿನಿಯರ್ ಬಂದ್ರು. ಆ ಪುಟ ತೆಗೆದು ಮುಂದಿಟ್ಟೆ. ಕೈ ನಡುಗ್ತಿತ್ತು. ಕೆಲಸ ಹೋದ್ರೆ ಮನೆ ಬಾಡಿಗೆ ಯಾರು ಕಟ್ಟೋದು? ಅವರು ಎರಡು ಸಲ ಓದಿದ್ರು. ಮತ್ತೆ ಯಾರೂ ಬಳಸದ ಹಾಗೆ ಎಂಟೂ ಬೋಲ್ಟಿನ ಥ್ರೆಡ್ಡನ್ನು ಗ್ರೈಂಡರ್‌ಗೆ ಹಿಡಿಸಿ ಕೆಡಿಸಿದ್ರು. ಒಂದನ್ನ ಕೇಳಿ ಇಟ್ಕೊಂಡೆ.

ಹೊಸವು ಬರೋಕೆ ಮೂರು ವಾರ ಆಯ್ತು. ಅಷ್ಟು ದಿನವೂ ನನ್ನ ಜೊತೆ ಯಾರೂ ಟೀ ಕುಡೀಲಿಲ್ಲ.

ವಿಮಾನ ಹಾರಿತು. ಲಾಗ್‌ಬುಕ್ಕಿನಲ್ಲಿ ನನ್ನ ಹೆಸರಿಲ್ಲ, ಹೆಲ್ಪರ್ ಹೆಸರು ಅಲ್ಲಿ ಬರೆಯಲ್ಲ. ಹತ್ತು ಹಾರ್ಸ್‌ಪವರ್ ಜಾಸ್ತಿ ಮಾಡೋಕೆ ದುಡ್ಡಿತ್ತು, ಆ ಭಾರ ಹೊರೋ ಬೋಲ್ಟಿಗೆ ಮಾತ್ರ ಹಳೇದೇ ಸಾಕು ಅನ್ನಿಸಿತ್ತು ಅವರಿಗೆ. ಇದೊಂದನ್ನ ನಾನು ಮರೆತಿಲ್ಲ.

ನಿಮ್ಮ ಮನೆ ಹುಡುಗ್ರು ತೊಳೆಯೋ ಕೆಲಸಕ್ಕೆ ಸೇರಿದ್ರೂ ಸರಿ, ಮ್ಯಾನ್ಯುಯಲ್ ಓದೋಕೆ ಹೇಳಿ.