ಮದುಮಗನ ಹಿಂದಿನ ಅಗಸಿ

120 ಅಳತೆಯ ಫಿಲ್ಮಿನ ಒಂದು ರೋಲಿಗೆ 12 ಫೋಟೊ. ಎಂಬತ್ತರ ದಶಕದಲ್ಲಿ ಬನಹಟ್ಟಿಯಲ್ಲಿ ನಾನು ಕ್ಯಾಮೆರಾ ಹಿಡಿಯಲು ಕಲಿತಾಗ ಕಸುಬಿನ ಲೆಕ್ಕವೆಲ್ಲ ಈ ಹನ್ನೆರಡರ ಸುತ್ತ ಇತ್ತು. ಮದುವೆ, ಕುಬಸ, ಶಾಲೆಯ ಗ್ರೂಪ್ ಫೋಟೊ, ಬಯಲಾಟದ ಪಾತ್ರಧಾರಿಗಳು, ಸತ್ತವರು. ಅಷ್ಟರಲ್ಲಿ ರೋಲು ಮುಗಿಯುತ್ತಿತ್ತು. ಸಂತೆಯಲ್ಲಿ ಬದನೆಕಾಯಿ ಗುಂಪಿ ಹಾಕಿಕೊಂಡು ಕುಂತವಳ ಫೋಟೊಕ್ಕೆ ರೊಕ್ಕ ಕೊಡುವವರು ಯಾರು? ಅವಳೂ ಕೊಡಲಾರಳು, ಕೊಂಡವರೂ ಕೊಡಲಾರರು. ಹೀಗಾಗಿ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಸಾಮಾನ್ಯ ದಿನ ಎಂಬುದು ಹಳೆಯ ಫೋಟೊಗಳಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ.

ಸ್ಟುಡಿಯೊಗಳಲ್ಲಿ ಇದ್ದದ್ದು ಮೇಲಿನಿಂದ ಬಗ್ಗಿ ನೋಡುವ ಯಾಶಿಕಾ. ಹವ್ಯಾಸಿಗಳ ಮನೆಯಲ್ಲಿ ಅಗ್ಫಾ ಕ್ಲಿಕ್. ಫಿಲ್ಮು ಎಂದರೆ ಜರ್ಮನಿಯ ಓರ್ವೊ, ಇಲ್ಲವೇ ಊಟಿಯ ಹಿಂದುಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯ 'ಇಂದು'. 1960ರಲ್ಲಿ ಕೇಂದ್ರ ಸರಕಾರ ಹುಟ್ಟುಹಾಕಿದ ಆ ಕಾರ್ಖಾನೆ ಈಗ ಮುಚ್ಚಿದೆ. ಕಪ್ಪು-ಬಿಳುಪು ಫೋಟೊವನ್ನು ಊರಲ್ಲೇ ಕತ್ತಲೆ ಕೋಣೆಯಲ್ಲಿ ತೊಳೆಯಬಹುದಿತ್ತು. ಬಣ್ಣದ ರೋಲಾದರೆ ಹುಬ್ಬಳ್ಳಿಗೋ ಕೊಲ್ಲಾಪುರಕ್ಕೋ ಬಸ್ಸಿನಲ್ಲಿ ಕಳಿಸಿ ಕಾಯಬೇಕು.

ಸ್ಟುಡಿಯೊದ ಫೋಟೊ ನೋಡಿ ಆಗಿನವರ ಉಡುಪು ಹೀಗಿತ್ತು ಎಂದು ಯಾರಾದರೂ ಬರೆದರೆ ಅದನ್ನು ನಂಬಬೇಡಿ. ಗೋಡೆಗೆ ಒಂದು ಕೋಟು, ಒಂದು ಟೈ ತೂಗುಬಿದ್ದಿರುತ್ತಿದ್ದವು. ಊರಿನ ಮುಕ್ಕಾಲು ಪಾಲು ಗಂಡಸರು ಅದೇ ಕೋಟಿನಲ್ಲಿ ಫೋಟೊ ತೆಗೆಸಿಕೊಂಡಿದ್ದಾರೆ. ಕೈಗಡಿಯಾರ ಗೆಳೆಯನದು, ಕನ್ನಡಕ ಮಾಸ್ತರರದು. ಹಿಂದೆ ಬಣ್ಣ ಬಳಿದ ಪರದೆಯಲ್ಲಿ ಬಂಗಲೆ, ಮೆಟ್ಟಿಲು, ಕಾರಂಜಿ. ಜಮಖಂಡಿ ಬಜಾರಿನಲ್ಲಿ ಆ ಮನುಷ್ಯ ದಿನಾಲೂ ಏನು ಉಟ್ಟು ತಿರುಗುತ್ತಿದ್ದ ಎಂಬುದು ಆ ಫೋಟೊದಲ್ಲಿ ಸಿಗುವುದಿಲ್ಲ.

ಎಷ್ಟೋ ಜನರಿಗೆ ಬದುಕಿನ ಒಂದೇ ಫೋಟೊ ಸತ್ತ ಮೇಲಿನದು. ಕುರ್ಚಿಯಲ್ಲಿ ಕೂರಿಸಿ, ಇಬತ್ತಿ ಹಚ್ಚಿ, ಹೂವಿನ ಹಾರ ಹಾಕಿ, ಸುತ್ತ ಮಕ್ಕಳು ಮೊಮ್ಮಕ್ಕಳು ನಿಂತು ತೆಗೆಸಿದ್ದು. ಮುಚ್ಚಿದ ಕಣ್ಣನ್ನು ಕುಂಚದಿಂದ ತೆರೆದು ಕೊಡುವ ಕೆಲಸಗಾರರೂ ಇದ್ದರು. ಊರ ಹೊರಗಿನ ಕೇರಿಗಳ ಬಡವರಿಗೆ ಅದೂ ಇಲ್ಲ. 1993ರಲ್ಲಿ ಮುಖ್ಯ ಚುನಾವಣಾ ಆಯುಕ್ತ ಶೇಷನ್ ಮತದಾರರಿಗೆ ಫೋಟೊ ಇರುವ ಗುರುತಿನ ಚೀಟಿ ಆಗಲೇಬೇಕೆಂದು ಹಟ ಹಿಡಿದ ಮೇಲೆ ಆ ಕೇರಿಗಳ ಅನೇಕರು ಮೊದಲ ಸಲ ಕ್ಯಾಮೆರಾದ ಎದುರು ಕುಂತರು. ಸರಕಾರಕ್ಕೆ ಬೇಕಿದ್ದದ್ದು ಅವರ ಮುಖ. ಅವರ ಮನೆ, ಅವರ ಕೆಲಸ, ಅವರ ಓಣಿ ಯಾರಿಗೂ ಬೇಕಿರಲಿಲ್ಲ.

ಅರಮನೆಗಳ ಮಾತು ಬೇರೆ. ಜಮಖಂಡಿಯ ಪಟವರ್ಧನರು, ಮುಧೋಳದ ಘೋರ್ಪಡೆಯವರು ದರ್ಬಾರು, ಬೇಟೆ, ಮದುವೆ ಎಲ್ಲಕ್ಕೂ ಫೋಟೊ ತೆಗೆಸಿದವರು. 1948ರಲ್ಲಿ ಎರಡೂ ಸಂಸ್ಥಾನಗಳು ಮುಂಬಯಿ ಪ್ರಾಂತಕ್ಕೆ ಸೇರಿ ಹೋದವು, ಫೋಟೊಗಳು ಉಳಿದವು. ಮುಧೋಳದ ಬೇಟೆನಾಯಿಗೂ ಜಾಗ ಸಿಕ್ಕಿತು: 2005ರಲ್ಲಿ ಅಂಚೆ ಇಲಾಖೆ ಅದರ ಚೀಟಿ ತಂದಿತು, 2020ರಲ್ಲಿ ಪ್ರಧಾನಿ ರೇಡಿಯೊದಲ್ಲಿ ಅದರ ಹೆಸರು ಹೇಳಿದರು. ಆದರೆ ಆ ತಳಿಯನ್ನು ತಲೆಮಾರುಗಟ್ಟಲೆ ಸಾಕಿ ಉಳಿಸಿದವರ ಹಟ್ಟಿಯ ಮುಂದಿನ ಒಂದು ಮುಂಜಾನೆ, ರೊಟ್ಟಿ ಮುರಿದು ನಾಯಿಗೆ ಹಾಕುವ ಕೈ, ಅಂಥ ಹಳೆಯ ಫೋಟೊ ನನ್ನ ಕಣ್ಣಿಗೆ ಬಿದ್ದಿಲ್ಲ.

ನಾನು ತೆಗೆದ ಓಣಿಯ ಫೋಟೊಗಳು ಹುಟ್ಟಿದ್ದು ಉಳಿದ ಫಿಲ್ಮಿನಿಂದ. ಮದುವೆ ಮುಗಿದು ರೋಲಿನಲ್ಲಿ ಒಂದೆರಡು ಬಾಕಿ ಇದ್ದರೆ ಮನೆಗೆ ಬರುವ ದಾರಿಯಲ್ಲಿ ಕಂಡದ್ದನ್ನು ತೆಗೆಯುತ್ತಿದ್ದೆ. ಆ ನೆಗೆಟಿವ್‌ಗಳನ್ನು ಈಗ ಬೆಳಕಿಗೆ ಹಿಡಿದರೆ ಮೊದಲು ಕಾಣುವುದು ಕಾಲು. ಮಕ್ಕಳದು ಬರಿಗಾಲು, ಹೆಂಗಸರದು ಬರಿಗಾಲು, ಮುದುಕರಲ್ಲಿ ಕೆಲವರಿಗಷ್ಟೇ ಮೆಟ್ಟು. ನಮ್ಮ ಬಾಗಲಕೋಟೆ ಜಿಲ್ಲೆ ಕೊಲ್ಲಾಪುರಿ ಚಪ್ಪಲಿ ಮಾಡುವ ಸೀಮೆ. 2019ರಲ್ಲಿ ಆ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಕರ್ನಾಟಕದ ನಾಲ್ಕು ಜಿಲ್ಲೆಗಳೂ ಸೇರಿದವು, ಬಾಗಲಕೋಟೆ ಅದರಲ್ಲೊಂದು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ಪ್ರದರ್ಶನದಲ್ಲಿ ಅಂಥದೇ ಚಪ್ಪಲಿ ತೊಡಿಸಿ ನಡೆಸಿದಾಗ ಜಗತ್ತೆಲ್ಲ ಅದರ ಫೋಟೊ ನೋಡಿತು. ಮೆಟ್ಟು ಹೊಲಿಯುವವರ ಓಣಿಯಲ್ಲೇ ಮೆಟ್ಟಿಲ್ಲದ ಕಾಲುಗಳಿದ್ದವು ಎಂಬುದಕ್ಕೆ ನನ್ನ ಬಳಿ ನೆಗೆಟಿವ್ ಇದೆ. ಇವತ್ತು ಅದೇ ಓಣಿಯಲ್ಲಿ ರಬ್ಬರಿನದೋ ಪ್ಲಾಸ್ಟಿಕ್ಕಿನದೋ ಚಪ್ಪಲಿ ಇಲ್ಲದ ಕೂಸು ಸಿಗುವುದು ಕಷ್ಟ. ಹಳೆಯದು ಚೆಂದ ಇತ್ತು ಎನ್ನುವವರು ಈ ಕಾಲುಗಳನ್ನು ನೋಡಬೇಕು.

ಉಡುಪಿನಲ್ಲಿ ಚೆಂದವೂ ಇತ್ತು, ಇಲ್ಲವೆನ್ನುವುದಿಲ್ಲ. ಧೋತರ, ನೆಹರೂ ಅಂಗಿ, ತಲೆಗೆ ಗುಲಾಬಿ ಇಲ್ಲವೇ ಹಳದಿ ಪಟಗ. ಅಥಣಿ ಕಡೆಯಿಂದ ಬಂದವರಿಗೆ ಹೆಚ್ಚಾಗಿ ಗಾಂಧಿ ಟೊಪ್ಪಿಗೆ. ಹೆಂಗಸರಿಗೆ ಕಚ್ಚೆ ಹಾಕಿದ ಇಳಕಲ್ ಸೀರೆ, ಕೆಂಪು ಸೆರಗಿನ ಟೋಪ ತೆನಿ, ಗುಳೇದಗುಡ್ಡದ ಖಣದ ಕುಪ್ಪಸ. ಆಮೇಲೆ ಕಬ್ಬಿನ ರೊಕ್ಕ ಬಂತು, ಸಫಾರಿ ಬಂತು. ಸಕ್ಕರೆ ಕಾರ್ಖಾನೆಯ ಸಭೆಗಳ ಫೋಟೊಗಳಲ್ಲಿ ಮುಂದಿನ ಸಾಲು ಸಫಾರಿ, ಹಿಂದಿನ ಸಾಲು ಪಟಗ. ಈಗ ಮುಂದಿನ ಸಾಲು ಇಸ್ತ್ರಿ ಹಾಕಿದ ಬಿಳಿ ಅಂಗಿ, ಬಿಳಿ ಪ್ಯಾಂಟು, ಹೋರಾಟದ ದಿನ ಅದರ ಮೇಲೆ ಹಸಿರು ಶಾಲು. ಪಟಗ ಜಾತ್ರೆಗೂ ಸನ್ಮಾನಕ್ಕೂ ಉಳಿದಿದೆ.

ಇವತ್ತಿನ ಬೀದಿಯ ಉಡುಪನ್ನು ನೋಡಬೇಕೆಂದರೆ ಕಬ್ಬಿನ ಹಂಗಾಮಿನಲ್ಲಿ ಮುಧೋಳ-ಜಮಖಂಡಿ ರಸ್ತೆಯ ಬದಿಗೆ ನಿಲ್ಲಬೇಕು. ಎರಡೆರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು, ಅವುಗಳ ಮೇಲೆ ಗೊಂಡೆ, ಕನ್ನಡಿ, ಬಣ್ಣದ ದೀಪ, ಎದೆ ನಡುಗಿಸುವ ಡಿಜೆ ಹಾಡು. ಚಾಲಕ ಹುಡುಗನ ಕೂದಲಿಗೆ ಬಣ್ಣ, ಕಿವಿಗೆ ಹರಳು, ಅಂಗಿಯ ಮೇಲೆ ದೊಡ್ಡ ಕಂಪನಿಯ ಹೆಸರು, ಹೆಗಲಿಗೆ ಟವೆಲ್ಲು. ಟ್ರ್ಯಾಕ್ಟರಿನ ಹಿಂದೆ ತಾಯಿಯ ಹೆಸರೋ ಊರ ದೇವರ ಹೆಸರೋ ಬರೆಸಿರುತ್ತಾನೆ. ಹಿರಿಯರು ಮುಖ ಸಿಂಡರಿಸುತ್ತಾರೆ. ನನಗೆ ಈ ಹುಡುಗರು ಇಷ್ಟ. ಸ್ಟುಡಿಯೊದ ಗೋಡೆಯ ಕೋಟು ಇವರಿಗೆ ಬೇಡ, ತಾವು ಹೇಗೆ ಕಾಣಬೇಕೆಂಬುದನ್ನು ತಾವೇ ತೀರ್ಮಾನಿಸಿಕೊಂಡಿದ್ದಾರೆ. ಅದೇ ರಸ್ತೆಯ ಪಕ್ಕದ ಹೊಲದಲ್ಲಿ ಕಬ್ಬು ಕಡಿಯುವ ಗ್ಯಾಂಗಿನ ಹೆಂಗಸರು ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಟ್ಟು, ಮುಖಕ್ಕೆ ಬಟ್ಟೆ ಸುತ್ತಿ ನಿಂತಿರುತ್ತಾರೆ. ರವದಿಯ ಅಲಗು ಕೈ ಕೊಯ್ಯದಿರಲಿ ಎಂದು. ಆ ಉಡುಪೂ ನಮ್ಮ ಸೀಮೆಯದೇ. ಅದರ ಫೋಟೊ ಯಾವ ಆಲ್ಬಮ್ಮಿನಲ್ಲೂ ಇಲ್ಲ.

ರಬಕವಿ-ಬನಹಟ್ಟಿಯಲ್ಲಿ ನಾನು ಬೆಳೆದದ್ದು ಮಗ್ಗದ ಸದ್ದಿನಲ್ಲಿ. ಕುಣಿಮಗ್ಗ ಇದ್ದ ಮನೆಗಳಲ್ಲಿ ನಸುಕಿಗೇ ಓಣಿಯ ಉದ್ದಕ್ಕೂ ಹಾಸು ಹಾಸಿ ಗಂಜಿ ಹಚ್ಚುತ್ತಿದ್ದರು. ಬಿಸಿಲೇರುವುದರೊಳಗೆ ಮುಗಿಯಬೇಕು. ಹೆಂಗಸರು ಕಟ್ಟೆಯ ಮೇಲೆ ಕುಂತು ಕಂಡಿಕೆ ಸುತ್ತುತ್ತಿದ್ದರು. ಪಾವರ್‌ಲೂಮ್ ಬಂದು ಕೆಲಸವೆಲ್ಲ ಗೋಡೆಯೊಳಗೆ ಹೋಯಿತು, ಸದ್ದು ಮಾತ್ರ ಓಣಿಗೆ ಬಂತು. ಮಗ್ಗದ ಮನೆಯೊಳಗೆ ಫೋಟೊ ತೆಗೆಯುವುದು ಸುಲಭವಲ್ಲ. ಬೆಳಕು ಒಂದು ಟ್ಯೂಬ್‌ಲೈಟಿನದು, ಗಾಳಿಯಲ್ಲಿ ಹತ್ತಿಯ ಧೂಳು, ಲಾಳಿಯ ಓಟ ಕಣ್ಣಿಗೇ ನಿಲುಕದು. ಶಟರ್ ನಿಧಾನ ಇಟ್ಟರೆ ನೇಕಾರ ಸ್ಪಷ್ಟ ನಿಲ್ಲುತ್ತಾನೆ, ಲಾಳಿ ಬರೀ ಒಂದು ಬಿಳಿ ಗೆರೆಯಾಗುತ್ತದೆ. ಫ್ಲ್ಯಾಷ್ ಹಾಕಿದರೆ ಧೂಳೇ ಮುಂದೆ ಬಂದು ಮನುಷ್ಯ ಹಿಂದೆ ಸರಿಯುತ್ತಾನೆ.

ಆ ಫೋಟೊಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಸಂಗತಿ ತಾನಾಗಿ ಕಾಣುತ್ತದೆ. ಎಂಬತ್ತರ ದಶಕದ ಫೋಟೊಗಳಲ್ಲಿ ಕಂಡಿಕೆ ಸುತ್ತುವವಳ ಮೈಮೇಲೆ ಊರಲ್ಲೇ ನೇಯ್ದ ನೂಲಿನ ಸೀರೆ. ತೊಂಬತ್ತರ ಕೊನೆಯ ಹೊತ್ತಿಗೆ ಸೂರತ್ತಿನ ಪಾಲಿಯೆಸ್ಟರ್. ಅದು ಅಗ್ಗ, ಬೇಗ ಒಣಗುತ್ತದೆ, ಇಸ್ತ್ರಿ ಬೇಡ. ದಿನದ ಮಜೂರಿಯಲ್ಲಿ ಬದುಕುವವಳು ಅದನ್ನೇ ಆರಿಸಿಕೊಂಡಳು, ತಪ್ಪೇನಿಲ್ಲ. ಆದರೆ ನೇಕಾರರ ಊರಿನ ಕಷ್ಟ ಹೇಗೆ ಬಂತೆಂದು ಕೇಳುವವರಿಗೆ ನಾನು ಅಂಕಿಸಂಖ್ಯೆಗಿಂತ ಮೊದಲು ಈ ಫೋಟೊಗಳನ್ನು ತೋರಿಸುತ್ತೇನೆ. ಸೀರೆ ನೇಯುವವರ ಮನೆಗೇ ಸೂರತ್ತಿನ ಸೀರೆ ಬಂದಾಗ ಹೊರಗಿನ ಪೇಟೆ ಎಲ್ಲಿಗೆ ಹೋಗಿತ್ತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಮೈಸೂರಿನ ಟಿ.ಎಸ್. ಸತ್ಯನ್ ಬದುಕಿಡೀ ಇಂಥ ಸಾಮಾನ್ಯರನ್ನೇ ತೆಗೆದರು. 1979ರಲ್ಲಿ, ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ, ಅವರು ತೆಗೆದ ಮಕ್ಕಳ ಫೋಟೊಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶನಗೊಂಡವು. ಅದೇ ನ್ಯೂಯಾರ್ಕಿನಲ್ಲಿ ಬಿಲ್ ಕನ್ನಿಂಗ್‌ಹ್ಯಾಮ್ ಎಂಬವರು ನೀಲಿ ಅಂಗಿ ತೊಟ್ಟು ಸೈಕಲ್ ಮೇಲೆ ತಿರುಗುತ್ತ, ದಾರಿಹೋಕರ ಉಡುಪನ್ನು ದಶಕಗಟ್ಟಲೆ ಪತ್ರಿಕೆಗೆ ತೆಗೆದುಕೊಟ್ಟರು. ನಮ್ಮ ನಾಲ್ಕು ಊರುಗಳಿಗೆ ಅಂಥವರು ಒಬ್ಬರೂ ಸಿಗಲಿಲ್ಲ. ಪತ್ರಿಕೆಗಳು ನಮ್ಮಿಂದ ಕೇಳಿದ್ದು ಭಾಷಣ, ಮೆರವಣಿಗೆ, ಅಪಘಾತ, ಹೊಳೆ ಬಂದಾಗಿನ ನೀರು.

ಈಗ ಎಲ್ಲರ ಕೈಯಲ್ಲೂ ಕ್ಯಾಮೆರಾ ಇದೆ. ಕಾರಹುಣ್ಣಿಮೆಗೆ ಎತ್ತು ಓಡಿಸುವಾಗ, ತೆರಬಂಡಿ ಸ್ಪರ್ಧೆಯಲ್ಲಿ, ಕುಸ್ತಿಯ ಕಣದಲ್ಲಿ, ಮೊಹರಮ್ಮಿನ ಹೆಜ್ಜೆಮೇಳದಲ್ಲಿ ನೂರಾರು ಮೊಬೈಲು ಮೇಲೇಳುತ್ತವೆ. ಹಬ್ಬದ ದಾಖಲೆಗೆ ಬರ ಇಲ್ಲ. ಮರುದಿನದ ದಾಖಲೆಗೆ ಆಗಿದ್ದ ಬರ ಈಗಲೂ ಇದೆ. ಆಗ ಫಿಲ್ಮು ದುಬಾರಿಯಾಗಿತ್ತು, ಈಗ ಫೋಟೊಕ್ಕೆ ಬೆಲೆ ಇಲ್ಲ. ಫಲ ಒಂದೇ ಆಗಿದೆ. ಕ್ಯಾಮೆರಾ ತಿರುಗುವುದು ತನ್ನ ಕಡೆಗೆ, ಇಲ್ಲವೇ ವೇದಿಕೆಯ ಕಡೆಗೆ. ಮೆಮೊರಿ ತುಂಬಿದಾಗ ಮೊದಲು ಅಳಿಸುವುದು ಓಣಿಯ ಫೋಟೊವನ್ನೇ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಫೋಟೊ ಸಣ್ಣದಾಗಿ ಹೋಗುತ್ತದೆ, ತೆಗೆದ ದಿನ ಮತ್ತು ಜಾಗದ ಮಾಹಿತಿ ಅದರೊಳಗಿಂದ ಉದುರಿ ಹೋಗಿರುತ್ತದೆ.

ಹುಡುಗಿಯರು ಕ್ಯಾಮೆರಾ ಕಂಡರೆ ಓಢಣಿ ಎಳೆದುಕೊಳ್ಳುತ್ತಾರೆ. ಅವರ ಅಜ್ಜಿಯರೂ ಸೆರಗು ಎಳೆದುಕೊಳ್ಳುತ್ತಿದ್ದರು, ಕಾರಣ ಮಾತ್ರ ಬೇರೆ. ಅಜ್ಜಿಗೆ ಮನೆಯವರ ಅಂಜಿಕೆ. ಮೊಮ್ಮಗಳಿಗೆ ತನ್ನ ಫೋಟೊ ಯಾರ ಮೊಬೈಲಿಗೆ ಹೋಗಿ ಏನಾಗುತ್ತದೋ ಎಂಬ ಅಂಜಿಕೆ, ಅದು ನ್ಯಾಯವಾದದ್ದು. ಬೀದಿಯಲ್ಲಿ ಫೋಟೊ ತೆಗೆಯುವವರು ಕೇಳಿ ತೆಗೆಯಬೇಕು, ತೆಗೆದು ತೋರಿಸಬೇಕು, ಬೇಡವೆಂದರೆ ಅವರ ಎದುರಿಗೇ ಅಳಿಸಬೇಕು. ಮುಂದಿನ ಸಲ ಬರುವಾಗ ಒಂದು ಪ್ರಿಂಟು ತಂದು ಕೊಟ್ಟರೆ ಇಡೀ ಓಣಿ ನಿಮ್ಮನ್ನು ಒಳಗೆ ಕರೆಯುತ್ತದೆ. ಇದು ನಾನು ಸಂತೆಗಳಲ್ಲಿ ಕಲಿತ ಪಾಠ.

ಬೀಳಗಿಯನ್ನು ಕೊನೆಗೆ ಇಟ್ಟಿದ್ದೇನೆ, ಏಕೆಂದರೆ ನನ್ನ ಮಾತೆಲ್ಲ ಅಲ್ಲಿಗೇ ಹೋಗಿ ಮುಟ್ಟುತ್ತದೆ. ಆಲಮಟ್ಟಿ ಜಲಾಶಯದ ನೀರು 519.60 ಮೀಟರಿಗೆ ನಿಂತು, ತಾಲೂಕಿನ ನದಿದಂಡೆಯ ಹಳ್ಳಿಗಳು ಪುನರ್ವಸತಿ ಕೇಂದ್ರಗಳಿಗೆ ಎದ್ದು ಬಂದವು. ಕೆಲವು ವರ್ಷ ಕಳೆದ ಮೇಲೆ ಅಂಥ ಒಂದು ಊರಿನ ಹಿರಿಯರು ನನ್ನ ಹತ್ತಿರ ಬಂದರು. ಕೈಯಲ್ಲಿ ಹಳೆಯ ಮದುವೆ ಫೋಟೊ. ಮದುಮಗ ಕುದುರೆಯ ಮೇಲೆ, ಸುತ್ತ ಬೀಗರು. "ಮದಿಮಗನ್ನ ಬಿಡ್ರಿ. ಅವನ ಹಿಂದ ನಮ್ಮೂರ ಅಗಸಿ ಐತಿ. ಅದನ್ನಷ್ಟ ದೊಡ್ಡದು ಮಾಡಿ ಕೊಡ್ರಿ" ಎಂದರು. ಅಗಸಿಯ ಅರ್ಧ ಭಾಗ ಕುದುರೆಯ ತಲೆಗೆ ಮರೆಯಾಗಿತ್ತು, ಉಳಿದರ್ಧ ಮಬ್ಬಾಗಿತ್ತು. ದೊಡ್ಡದು ಮಾಡಿದಷ್ಟೂ ಕಾಳು ಒಡೆಯಿತು. ಆದರೂ ತೆಗೆದುಕೊಂಡು ಹೋದರು. ಅವರ ಮನೆಯ ಉದ್ದ ಅಗಲ ಪರಿಹಾರದ ಕಡತದಲ್ಲಿದೆ. ಅವರ ಓಣಿ ಹೇಗಿತ್ತು, ಅಗಸಿಯ ಕಟ್ಟೆಯ ಮೇಲೆ ಸಂಜೆ ಯಾರು ಕೂರುತ್ತಿದ್ದರು, ಏನು ಉಟ್ಟಿರುತ್ತಿದ್ದರು ಎಂಬುದು ಎಲ್ಲೂ ಇಲ್ಲ.

2010ರ ಕೃಷ್ಣಾ ನ್ಯಾಯಮಂಡಳಿ ತೀರ್ಪು ಆಲಮಟ್ಟಿಯಲ್ಲಿ 524.256 ಮೀಟರ್ ವರೆಗೆ ನೀರು ನಿಲ್ಲಿಸಲು ಒಪ್ಪಿದೆ. ಗೇಟು ಎತ್ತರವಾದ ದಿನ ಇನ್ನಷ್ಟು ಊರುಗಳು ಏಳಬೇಕು. ಆ ಊರುಗಳ ಹುಡುಗರಿಗೆ, ಹುಡುಗಿಯರಿಗೆ ನನ್ನ ಕೋರಿಕೆ ಇಷ್ಟು: ಮದುಮಗ ಇಲ್ಲದಾಗ ಅಗಸಿಯ ಫೋಟೊ ತೆಗೆಯಿರಿ. ಹಿಟ್ಟಿನ ಗಿರಣಿ, ಕಿರಾಣಿ ಅಂಗಡಿ, ಕ್ಷೌರದ ಕಟ್ಟೆ, ಶಾಲೆ ಬಿಟ್ಟ ಹೊತ್ತು, ಬಸ್ಸಿಗೆ ನಿಂತವರು. ಹಬ್ಬದ ದಿನ ಬೇಡ, ಯಾವುದಾದರೂ ಮಂಗಳವಾರ ಸಾಕು. ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿಯ ಹಳೆಯ ಸ್ಟುಡಿಯೊ ಮನೆತನದವರಿಗೆ ಇನ್ನೊಂದು ಕೋರಿಕೆ: ಅಟ್ಟದ ಮೇಲಿನ ನೆಗೆಟಿವ್ ಡಬ್ಬಿಗಳನ್ನು ಬೆಳ್ಳಿಯ ಆಸೆಗೆ ಗುಜರಿಯವರಿಗೆ ತೂಕ ಮಾಡಿ ಕೊಡಬೇಡಿ. ಊರ ಕಾಲೇಜಿಗೋ ಗ್ರಂಥಾಲಯಕ್ಕೋ ಕೊಡಿ, ಅವರು ಸ್ಕ್ಯಾನ್ ಮಾಡಿಕೊಳ್ಳಲಿ. ಮನೆಯಲ್ಲಿ ಹಳೆಯ ಕಾಗದದ ಫೋಟೊ ಇದ್ದರೆ, ಗುರುತು ಹಿಡಿಯುವ ಹಿರಿಯರು ಇರುವಾಗಲೇ ಹಿಂಬದಿಗೆ ಊರು, ಓಣಿ, ವರ್ಷ, ಹೆಸರು ಬರೆಸಿ. ಬಾಲ್‌ಪೆನ್ನಿನಿಂದ ಒತ್ತಿ ಬರೆದರೆ ಮುಂಬದಿಯ ಚಿತ್ರಕ್ಕೆ ಗೆರೆ ಮೂಡುತ್ತದೆ. ಮೆತ್ತಗಿನ ಪೆನ್ಸಿಲಿನಿಂದ ಬರೆಯಿರಿ.